ಮಿಲ್ಟ್ರಿ ಕೊಟ್ರೇಶಪ್ಪನವರ ಆಂಬುಲೆನ್ಸ್

ಪ್ರತಿದಿನ ಬೆಳಿಗ್ಗೆ ಆಂಬುಲೆನ್ಸ್ ಹತ್ತುವ ಮೊದಲು ಕೊಟ್ರೇಶಪ್ಪನವರು ನನಗೊಂದು ಸೆಲ್ಯೂಟ್ ಹೊಡೆಯುತ್ತಿದ್ದರು. ಆಗ ನನಗೆ ಇಪ್ಪತ್ಮೂರು, ಅವರಿಗೆ ಐವತ್ತರ ಹತ್ತಿರ. ಹರಪನಹಳ್ಳಿಯ ಸರ್ಕಲ್ಲಿನಲ್ಲಿ ಚಹಾ ಕುಡಿಯುವವರೆಲ್ಲ ಲೋಟ ಹಿಡಿದು ನೋಡುತ್ತಿದ್ದರು.

"ಬ್ಯಾಡ್ರಿ ಸರ, ನಾಚಿಕಿ ಆಗತೈತಿ."

"ಗಾಡ್ಯಾಗ ನೀವು ಸೀನಿಯರ್‍ರಿ ಮೇಡಂ. ನಾ ಡ್ರೈವರ್."

ಅವರು ಬರೀ ಡ್ರೈವರ್ ಆಗಿರಲಿಲ್ಲ. ಹದಿನೇಳು ವರ್ಷ ಸೈನ್ಯದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ, ಹಿಮದ ಗುಡ್ಡಗಳಲ್ಲಿ ಗುಂಡು ತಗುಲಿದವರಿಗೆ ಹೊಲಿಗೆ ಹಾಕಿದ್ದ ಮನುಷ್ಯ. ಊರಿಗೆ ಬಂದರೆ ಅದೇ ಕೆಲಸಕ್ಕೆ ಬೇರೆ ಸರ್ಟಿಫಿಕೇಟ್ ಬೇಕಿತ್ತು. ಅದು ನನ್ನ ಬಳಿ ಇತ್ತು, ಅನುಭವ ಇರಲಿಲ್ಲ. ಹಾಗಾಗಿ ನಾನು ಹಿಂದೆ ರೋಗಿಯ ಪಕ್ಕ, ಅವರು ಮುಂದೆ ಸ್ಟೇರಿಂಗಿನ ಹಿಂದೆ. ಸೂಜಿ ಚುಚ್ಚಲು ನರ ಸಿಗದೆ ನಾನು ಒದ್ದಾಡುವಾಗ ಅವರು ರೋಗಿಯನ್ನು ಒಮ್ಮೆಯೂ ಮುಟ್ಟಲಿಲ್ಲ. ಕನ್ನಡಿಯಲ್ಲಿ ನೋಡಿ, ರಸ್ತೆಯ ಬಗ್ಗೆ ಮಾತಾಡಿದಂತೆ, "ಇನ್ನಷ್ಟು ಕೆಳಗ ಮೇಡಂ, ಮುಂಗೈ ಕಡೀಗೆ" ಎನ್ನುತ್ತಿದ್ದರು.

ಒಮ್ಮೆ ನಮ್ಮ ತಾಲ್ಲೂಕಿನದೇ ಅರಸೀಕೆರೆ ಕಡೆಯ ಹೊಲದಲ್ಲಿ ಕುರಿ ಕಾಯುವ ದುರುಗಪ್ಪನಿಗೆ ಹಾವು ಕಚ್ಚಿತ್ತು. ಹೋದರೆ ಮುದುಕ ಸ್ಟ್ರೆಚರ್ ಹತ್ತಲೊಲ್ಲ. ಕೊಟ್ರೇಶಪ್ಪನವರೊಳಗಿನ ಮಿಲ್ಟ್ರಿ ಎದ್ದಿತು.

"ಮಲಕ್ಕೊ! ಇದು ಆರ್ಡರ್!"

"ಆರ್ಡರ್ ಮೊದ್ಲು ನನ್ನ ಕುರಿಗೆ ಹಾಕಪ್ಪ. ಅವು ಕೇಳಿದ್ರ ನಾನೂ ಕೇಳ್ತೀನಿ."

ನಮಗೆ ಫೋನ್ ಮಾಡಿದ್ದ ಹೊಲದ ಯಜಮಾನ, ಕುರಿ ತಾನು ಕಾಯುತ್ತೇನೆಂದ. ದುರುಗಪ್ಪ ನಂಬಲಿಲ್ಲ. "ಮೊನ್ನಿ ಇವನ ಜ್ವಾಳದಾಗ ನನ್ನ ಕುರಿ ಹೊಕ್ಕಿದ್ವು. ಇವ ಕಾಯ್ತಾನ?"

ಕಾಲು ಊದುತ್ತಿತ್ತು. ಕೊಟ್ರೇಶಪ್ಪನವರು ಜೇಬಿನಿಂದ ತಮ್ಮ ಮಾಜಿ ಸೈನಿಕರ ಕಾರ್ಡ್ ತೆಗೆದು ಮುದುಕನ ಕೈಗಿಟ್ಟರು. "ಒಂದು ಕುರಿ ಕಡಿಮಿ ಆದ್ರ ಇದನ್ನ ಹರದು ಒಗಿ."

ದುರುಗಪ್ಪ ಫೋಟೋವನ್ನೂ ಮುಖವನ್ನೂ ತಾಳೆ ನೋಡಿದ. "ಮೀಸಿ ಇದ್ರಾಗ ಚಲೋ ಐತಿ" ಎಂದು ಮಲಗಿದ. ಆದರೂ ಹುಟ್ಟಿ ಎರಡು ದಿನವಾಗಿದ್ದ ಎರಡು ಮರಿಗಳನ್ನು ಬಿಟ್ಟು ಬರಲಿಲ್ಲ. ಆಸ್ಪತ್ರೆಯಲ್ಲಿ ಸ್ಟ್ರೆಚರ್ ಇಳಿಸಿದಾಗ ಮೊದಲು ಕೂಗಿದ್ದು ಮರಿಗಳು. ಮುದುಕ ಉಳಿದ, ಕುರಿಗಳೂ ಅಷ್ಟೇ ಇದ್ದವು, ಕಾರ್ಡ್ ವಾಪಸು ಬಂತು.

"ಅಲ್ಲಿ ಮಿಲ್ಟ್ರ್ಯಾಗ ಬಿದ್ದೋನನ್ನ ಎತ್ತಿಕೊಂಡು ಓಡೋದಷ್ಟೇ ಕೆಲಸ ಮೇಡಂ," ಎಂದರು ಆವತ್ತು. "ಇಲ್ಲಿ ಪೇಷಂಟ್ ಒಬ್ಬನ ಬರಂಗಿಲ್ಲ ನೋಡ್ರಿ. ಹೊಲ, ಕುರಿ, ಜಗಳ ಎಲ್ಲಾ ಕೂಡೇ ಬರ್ತಾವ."

ಆಂಬುಲೆನ್ಸಿನಲ್ಲಿ ಅವರ ಗುತ್ತಿಗೆ ಅವಧಿ ಮುಗಿಯಲು ಒಂದು ವಾರವಿತ್ತು. ಹಲವಾಗಲು ಹಳ್ಳಿಯಿಂದ ರೇಣುಕಾ ಎಂಬ ಗರ್ಭಿಣಿಯನ್ನು ಅತ್ತೆಯ ಸಮೇತ ಕರೆತರುತ್ತಿದ್ದೆವು. ದಾರಿಯಲ್ಲೇ ಹೆರಿಗೆ ಶುರುವಾಯಿತು. ಗಾಡಿ ನಿಲ್ಲಿಸಿ ಹಿಂದಿನ ಬಾಗಿಲಿಗೆ ಓಡಿಬಂದವರು ಒಮ್ಮೆ ನೋಡಿ ಬಿಳಿಚಿಕೊಂಡರು.

"ಗುಂಡು ಬಿದ್ದಿದ್ರ ನಾ ಅದೀನಿ ಮೇಡಂ. ನಮ್ಮ ಪಲ್ಟನ್‌ದಾಗ ಯಾರೂ ಹಡಿಲಿಲ್ಲ!"

ಬೆನ್ನು ತಿರುಗಿಸಿ, ರಸ್ತೆಯ ನಡುವೆ ಕೈಚಾಚಿ ನಿಂತು, ಒಂದು ಬಸ್ಸು, ಎರಡು ಟ್ರ್ಯಾಕ್ಟರ್ ತಡೆದರು. ಯಾಕೆ ತಡೆದರೋ ಅವರಿಗೂ ಗೊತ್ತಿರಲಿಲ್ಲ. "ಲೇ ಮಿಲ್ಟ್ರಿ, ಆ ಬಸ್ಸಿನವ್ನ ಹಾರ್ನ್ ಬಂದ್ ಮಾಡಸೋ!" ಎಂದು ಅತ್ತೆ ಕೂಗಿದಳು.

ನನಗೂ ಅದು ಮೊದಲನೆಯ ಹೆರಿಗೆ. ಮಗು ಬಂತು, ಅಳಲಿಲ್ಲ. ಹೇಳಿಕೊಡುವ ದನಿ ಇಲ್ಲ. ಬಾಯಿ ಒರೆಸಿದೆ, ಬೆನ್ನು ತಿಕ್ಕಿದೆ. ಮತ್ತೆ ತಿಕ್ಕಿದೆ. ಆಮೇಲೆ ಬಸ್ಸಿನವರೆಗೂ ಕೇಳುವಂತೆ ಅತ್ತಿತು.

"ಮೇಡಂ, ಈಗ ತಿರುಗ್ಲೇನ್ರಿ?"

ಅತ್ತೆ ಮಗುವನ್ನು ಸುತ್ತಿ ಅವರ ಕೈಗೇ ಕೊಟ್ಟಳು. ಅವರು ಅಲುಗಾಡದೆ ನಿಂತರು. "ನನ್ನ ಕೈಯಾಗ ಎಷ್ಟೋ ಹುಡುಗರು ಹೋದ್ರು ಮೇಡಂ. ಬಂದೋರು ಯಾರೂ ಇರ್ಲಿಲ್ಲ," ಎಂದರು.

ವಾರದ ನಂತರ ತಮ್ಮೂರಿಗೆ ಹೋಗಲು ಹಡಗಲಿ ಬಸ್ಸು ಹತ್ತುವಾಗ, ಹಲವಾಗಲ ಕೂಸಿಗೆ ಹಲ್ಲು ಬಂದ ಕೂಡಲೇ ತಿಳಿಸಬೇಕೆಂದು ಹೇಳಿ ಹೋದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಏಳು ತಿಂಗಳಾದ ಮೇಲೆ ಫೋನ್ ಮಾಡಿ, ಹಲ್ಲು ಬಂದವೆಂದೆ.

"ಮ್ಯಾಲಿನವೋ, ಕೆಳಗಿನವೋ?"

"ಕೆಳಗಿನವು ಸರ. ಎರಡು."

ಅವರು ಪಕ್ಕದಲ್ಲಿದ್ದ ಯಾರಿಗೋ ಹೇಳುತ್ತಿರುವುದು ಕೇಳಿಸಿತು: "ನನ್ನ ಪೇಷಂಟ್‌ಗೆ ಹಲ್ಲು ಬಂದಾವಂತಲೇ!"