ಸಿಸ್ಟರ್ ಕೂಡಿಸಿದ ಜೇನುಗೂಡು

ಹೆರಿಗೆ ವಾರ್ಡಿನಲ್ಲಿ ಮೂವತ್ತಮೂರು ವರ್ಷ ದುಡಿದು ನಿವೃತ್ತಳಾದ ಮೇಲೂ ಬೀದಿಯವರ ಬಾಯಲ್ಲಿ ಅವಳು ಸಿಸ್ಟರೇ. ಹಾಲಿನವನಿಗೂ ಸಿಸ್ಟರ್, ಔಷಧಿ ಅಂಗಡಿಯವನಿಗೂ ಸಿಸ್ಟರ್. ವಾದದಲ್ಲಿ ಸೋತಾಗ ಗಂಡನೂ "ಆಯ್ತು ಸಿಸ್ಟರ್" ಎಂದು ಕೈಮುಗಿದು ಪಕ್ಕದ ಕೋಣೆಗೆ ಜಾರಿಕೊಳ್ಳುತ್ತಿದ್ದ.

ಅವಳಿಗೆ ಜೇನಿನ ನಂಟು ಅಂಟಿಸಿದ್ದು ವಾರ್ಡೇ. ಕೊನೆಯ ವರ್ಷ ಕಷ್ಟದ ಹೆರಿಗೆಯೊಂದನ್ನು ಅವಳು ದಡ ಮುಟ್ಟಿಸಿದ್ದಳು. ಆ ಬಾಣಂತಿಯ ಅಪ್ಪ ಜೇನು ಸಾಕುವವನು. ಮಗಳನ್ನು ಮನೆಗೆ ಕರೆದೊಯ್ಯುವಾಗ, ಸಿಹಿ ಕೊಡುವ ಬದಲು ಒಂದು ಪೆಟ್ಟಿಗೆ ಹುಳುಗಳನ್ನೇ ತಂದುಕೊಟ್ಟಿದ್ದ. ಈಗ ಆ ಒಂದು ಗೂಡು ಕವಲೊಡೆದು, ಹಿತ್ತಲ ಗೋಡೆಗೆ ಬೆನ್ನು ಕೊಟ್ಟು ಮೂರು ಪೆಟ್ಟಿಗೆಗಳು ಇಟ್ಟಿಗೆಯ ಮೇಲೆ ಕೂತಿದ್ದವು. ಗಂಡ ಅವುಗಳನ್ನು ನಾಲ್ಕು ವರ್ಷದಿಂದ ನೋಡುತ್ತಿದ್ದದ್ದು ಅಡುಗೆಮನೆಯ ಕಿಟಕಿಯಿಂದ, ಅದೂ ಗಾಜು ಮುಚ್ಚಿ.

ಆ ವರ್ಷದ ಚಳಿ ಸುಲಭಕ್ಕೆ ಬಿಟ್ಟು ಹೋಗಲಿಲ್ಲ. ಹುಳುಗಳು ಒಳಗೆ ಒಂದನ್ನೊಂದು ಅಪ್ಪಿ ಚೆಂಡಾಗಿ, ತಮ್ಮ ಮೈಯ ಕಾವಿನಲ್ಲೇ ದಿನ ದೂಡುತ್ತಿದ್ದವು. ಸಿಸ್ಟರ್ ಬೆಳಗ್ಗೆ ಶಾಲು ಹೊದ್ದು ಹೋಗಿ, ಒಂದೊಂದೇ ಪೆಟ್ಟಿಗೆಗೆ ಕಿವಿಯಿಟ್ಟು, ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟುವಳು. ಒಳಗಿಂದ ಝುಂ ಎಂದು ಚುಟುಕಾಗಿ ಉತ್ತರ ಬಂದರೆ ಎಲ್ಲ ಸರಿ. ಚಳಿಯ ಕೊನೆಗೆ ನಡುವಿನ ಪೆಟ್ಟಿಗೆ ಬೇರೆಯೇ ದನಿ ತೆಗೆಯಿತು. ತಟ್ಟಿದರೆ ಸದ್ದು ನಿಲ್ಲದೆ, ನರಳಿದ ಹಾಗೆ ಉದ್ದಕ್ಕೆ ಎಳೆಯುತ್ತಿತ್ತು.

"ಇದಕ್ಕೆ ಏನೋ ಆಗಿದೆ ಕಣ್ರೀ," ಎಂದಳು ಒಳಗೆ ಬಂದು.

"ಜ್ವರ ನೋಡಿದ್ಯಾ?" ಎಂದ ಗಂಡ, ಪತ್ರಿಕೆಯ ಪದಬಂಧದಿಂದ ತಲೆ ಎತ್ತದೆ.

ಅದಾಗಿ ವಾರಕ್ಕೆ ಮೊದಲ ಎಳೆಬಿಸಿಲು ಬಿತ್ತು. ಚಳಿಗಾಲವಿಡೀ ಗೂಡು ಕೊಳಕಾಗಬಾರದೆಂದು ಹೊಟ್ಟೆ ಕಟ್ಟಿಕೊಂಡಿದ್ದ ಹುಳುಗಳು ಒಟ್ಟಿಗೆ ಹೊರಬಿದ್ದು, ಗಾಳಿಯಲ್ಲೇ ಹಗುರಾದವು. ಗೋಡೆಯಾಚೆ ಪಕ್ಕದ ಮನೆಯ ಲಾಯರು ಒಣಹಾಕಿದ್ದ ಬಿಳಿ ಅಂಗಿಗಳ ಮೇಲೆಲ್ಲ ಹಳದಿ ಚುಕ್ಕೆ.

"ಸಿಸ್ಟರ್, ನೋಟಿಸ್ ನಿಮಗೆ ಕೊಡ್ಲಾ, ನಿಮ್ಮ ಹುಳಗಳಿಗೆ ಕೊಡ್ಲಾ?" ಲಾಯರು ಅಂಗಿ ಎತ್ತಿ ತೋರಿಸಿದರು.

"ಅವಕ್ಕೇ ಕೊಡಿ ಸಾರ್. ಮೂರು ತಿಂಗಳು ತಡ್ಕೊಂಡಿದ್ವು ಪಾಪ. ನೀವು ಮೂರು ಗಂಟೆ ತಡ್ಕೊಳ್ತೀರಾ?"

ಲಾಯರಿಗೆ ನಗು ತಡೆಯಲಾಗಲಿಲ್ಲ. ಅಂಗಿಗಳನ್ನು ಅವಳೇ ಈಚೆಗೆ ಇಸಿದುಕೊಂಡು ಒಗೆಯಲು ನೆನೆಸಿದಳು. ಆದರೆ ಅವಳ ಕಣ್ಣು ಪೆಟ್ಟಿಗೆಗಳ ಮೇಲೇ ಇತ್ತು. ಎಡ, ಬಲದವುಗಳಿಂದ ಹುಳುಗಳು ಸುರಿಯುತ್ತಿದ್ದವು. ನಡುವಿನದರಿಂದ ಬಂದವು ಬೆರಳೆಣಿಕೆಯಷ್ಟು.

ಮಧ್ಯಾಹ್ನ ಮುಖಕ್ಕೆ ಬಲೆ ಕಟ್ಟಿ, ಹೊಗೆ ಹಾಕಿ, ಮುಚ್ಚಳ ತೆಗೆದಳು. ಮೇಣದ ಎರಿಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡಿದಳು. ಜೇನು ಬೇಕಾದಷ್ಟಿತ್ತು, ಎರಡು ಬೊಗಸೆಯಷ್ಟು ಹುಳುಗಳೂ ಇದ್ದವು. ಮೊಟ್ಟೆ ಒಂದೂ ಇರಲಿಲ್ಲ, ಮರಿ ಇರಲಿಲ್ಲ. ರಾಣಿ ಸತ್ತಿದ್ದಳು. ಹೊಸ ರಾಣಿಯನ್ನು ಬೆಳೆಸಿಕೊಳ್ಳಲು ಹುಳುಗಳಿಗೆ ಒಂದು ಮೊಟ್ಟೆಯೂ ಉಳಿದಿರಲಿಲ್ಲ.

ಜೇನು ಕೊಟ್ಟ ಹಿರಿಯನಿಗೆ ಫೋನು ಹಚ್ಚಿದಳು.

"ಕೈಬಿಡಿ ಸಿಸ್ಟರ್," ಎಂದ ಅವನು. "ಮುದಿ ಹುಳ. ಹದಿನೈದು ದಿನಕ್ಕೆ ತಾವಾಗೇ ಉದುರ್ತಾವೆ."

"ಎಡಗಡೆ ಪೆಟ್ಟಿಗೇಲಿ ರಾಣಿ ಚೆನ್ನಾಗಿದಾಳೆ. ಅದರ ಜೊತೆ ಕೂಡಿಸ್ತೀನಿ."

"ಕಚ್ಚಾಡಿ ಸಾಯ್ತಾವೆ. ಒಂದರ ವಾಸನೆ ಇನ್ನೊಂದಕ್ಕೆ ಆಗಲ್ಲ."

"ನಡುವೆ ಪೇಪರ್ ಹಾಕಿದ್ರೆ?"

"ಮಾಡ್ತಾರೆ. ಆದ್ರೆ ಈ ಚಳೀಲಿ ನಾನಂತೂ ಕೈ ಹಾಕಲ್ಲ."

"ನಾನು ಹಾಕ್ತೀನಿ ಬಿಡಿ," ಎಂದಳು. ಬದುಕಿರುವುದನ್ನು ಕೈಬಿಟ್ಟು ಅವಳಿಗೆ ಅಭ್ಯಾಸವಿರಲಿಲ್ಲ. ಜೊತೆಗೆ, ತನ್ನ ಕೈಯ ಮೇಲೆ ಅವಳಿಗೆ ನಂಬಿಕೆಯಿತ್ತು.

ಮಾಡಬೇಕಾದದ್ದು ಇಷ್ಟೇ: ರಾಣಿಯಿರುವ ಪೆಟ್ಟಿಗೆಯ ಮುಚ್ಚಳ ತೆಗೆದು, ಮೇಲೆ ಒಂದು ಹಾಳೆ ಪತ್ರಿಕೆ ಹಾಸಿ, ಸೂಜಿಯಿಂದ ನಾಲ್ಕು ತೂತು ಚುಚ್ಚಿ, ರಾಣಿಯಿಲ್ಲದ ಪೆಟ್ಟಿಗೆಯನ್ನು ತಳದ ಹಲಗೆ ಬಿಡಿಸಿ ಅದರ ಮೇಲಿಡುವುದು. ಎರಡೂ ಕಡೆಯ ಹುಳುಗಳು ಕಾಗದ ಕಡಿದು ತೆಗೆಯುವಷ್ಟರಲ್ಲಿ ವಾಸನೆ ಒಂದಾಗಿರುತ್ತದೆ. ಆದರೆ ಮೇಲಿನ ಪೆಟ್ಟಿಗೆಯನ್ನು ಒಂದಿಷ್ಟೂ ವಾಲದಂತೆ ಇಳಿಸಬೇಕು, ಅದಕ್ಕೆ ನಾಲ್ಕು ಕೈ ಬೇಕು. ಅವಳ ಬಲಭುಜವೋ, ರೋಗಿಗಳನ್ನು ಎತ್ತಿ ಎತ್ತಿ ಸವೆದದ್ದು.

"ರೀ, ಸಾಯಂಕಾಲ ಒಂದು ಕೈ ಹಿಡೀಬೇಕು."

"ನಾನಾ?"

"ಮನೇಲಿ ಇನ್ಯಾರಿದಾರೆ? ಪೇಪರೂ ಕೊಡಿ."

"ಪದಬಂಧದ ಪುಟ ಮಾತ್ರ ಮುಟ್ಟಬೇಡ," ಎಂದಷ್ಟೇ ಅವನು ಷರತ್ತು ಹಾಕಿದ.

ಹೊತ್ತಿಳಿದು ಹುಳುಗಳೆಲ್ಲ ಮನೆ ಸೇರಿದ ಮೇಲೆ ಅವನು ಹಿತ್ತಲಿಗೆ ಇಳಿದ. ಮೈಮೇಲೆ ಮಳೆಕೋಟು, ತಲೆಗೆ ಹೆಲ್ಮೆಟ್ಟು, ಕೈಗೆ ಪಾತ್ರೆ ತೊಳೆಯುವ ಗವಸು. ಸಿಸ್ಟರ್ ತುಟಿ ಕಚ್ಚಿ ನಗು ನುಂಗಿದಳು. ಹಾಳೆ ಹಾಸಿ, ತೂತು ಚುಚ್ಚಿ, ಇಬ್ಬರೂ ಪೆಟ್ಟಿಗೆಯ ಎರಡು ಬದಿ ಹಿಡಿದು ಎತ್ತಿದರು. ಅರ್ಧ ದಾರಿಯಲ್ಲಿ ಅವನು "ಅಯ್ಯೋ" ಎಂದ. ಪ್ಯಾಂಟು ಮತ್ತು ಚಪ್ಪಲಿಯ ನಡುವೆ, ಅವನು ಮುಚ್ಚಲು ಮರೆತ ನಾಲ್ಕು ಬೆರಳು ಜಾಗವನ್ನು ಒಂದು ಹುಳು ಸರಿಯಾಗಿ ಹುಡುಕಿತ್ತು.

"ಬಿಡಬೇಡಿ!"

"ಬಿಟ್ಟಿಲ್ಲ ಮಾರಾಯ್ತಿ, ನೀನು ಇಳಿಸು!"

ಪೆಟ್ಟಿಗೆ ಹಾಳೆಯ ಮೇಲೆ ಹೂವಿನಂತೆ ಕೂತಿತು. ಆಮೇಲೆ ಮೆಟ್ಟಿಲ ಮೇಲೆ ಅವನ ಕಾಲನ್ನು ತೊಡೆಗಿಟ್ಟುಕೊಂಡು ಉಗುರಿನಿಂದ ಮುಳ್ಳು ಕೆರೆದು ತೆಗೆಯುವಾಗ ಅವಳೆಂದಳು: "ಕೈ ಬಿಡ್ತೀರಿ ಅಂದ್ಕೊಂಡಿದ್ದೆ."

"ನಾನೂ ಅಂದ್ಕೊಂಡಿದ್ದೆ."

ಎರಡು ದಿನ ಪೆಟ್ಟಿಗೆಯೊಳಗೆ ಪರಪರ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅವಳು ಮುಚ್ಚಳ ಮುಟ್ಟಲಿಲ್ಲ. ಅವಸರದ ಕೈ ಕೆಲಸ ಕೆಡಿಸುವುದನ್ನು ವಾರ್ಡಿನಲ್ಲಿ ಎಷ್ಟೋ ಸಲ ನೋಡಿದ್ದಳು. ಮೂರನೆಯ ಬೆಳಗ್ಗೆ ಗೂಡಿನ ಬಾಗಿಲಿನಿಂದ ಒಂದು ಹುಳು ತನ್ನಷ್ಟೇ ದೊಡ್ಡ ಕಾಗದದ ಚೂರು ಎಳೆದು ತಂದು ಕೆಳಗೆ ಕೆಡವಿತು. ಅದರ ಹಿಂದೆ ಇನ್ನೊಂದು. ಹೊತ್ತೇರುವಷ್ಟರಲ್ಲಿ ಇಟ್ಟಿಗೆಯ ಮುಂದೆ ಪುಡಿಕಾಗದದ ರಾಶಿ. ಸತ್ತ ಹುಳುಗಳನ್ನು ಅವಳು ಕಡ್ಡಿಯಿಂದ ಎಣಿಸಿದಳು, ಹನ್ನೊಂದು. ಯುದ್ಧವಾಗಿದ್ದರೆ ಹೀಗಿರುತ್ತಿರಲಿಲ್ಲ.

ಮೂರು ವಾರಕ್ಕೆ ಸಾಸಿವೆ ಹೂಬಿಟ್ಟಿತು. ಹುಳುಗಳು ಕಾಲಿಗೆ ಹಳದಿ ಉಂಡೆ ಕಟ್ಟಿಕೊಂಡು ಬರತೊಡಗಿದ ದಿನ ಅವಳು ಗೂಡು ತೆರೆದಳು. ಈ ಸಲ ಗಂಡ ಕರೆಯದೆಯೇ ಬಂದು ಪಕ್ಕದಲ್ಲಿ ನಿಂತ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿಕೊಂಡು. ನಡುವೆ ಹಾಳೆಯ ಗುರುತೂ ಉಳಿದಿರಲಿಲ್ಲ. ಎರಿ ಎತ್ತಿ ಬಿಸಿಲಿಗೆ ಹಿಡಿದರೆ ಕೋಣೆಗೊಂದರಂತೆ, ನೆಟ್ಟಗೆ ನಿಂತ ಅಕ್ಕಿನುಚ್ಚಿನ ಹಾಗೆ, ಮೊಟ್ಟೆಗಳು.

"ಅದೋ, ಉದ್ದಕ್ಕಿದೆಯಲ್ಲ, ಅದು ಯಾರು?" ಅವನು ಬೆರಳು ಚಾಚಿದ.

"ರಾಣಿ ಕಣ್ರೀ. ಮೆಲ್ಲಗೆ ಮಾತಾಡಿ."

ಅವಳು ಹಿರಿಯನಿಗೆ ಫೋನು ಮಾಡಿ ಸುದ್ದಿ ಮುಟ್ಟಿಸಿದಳು. ಅವನು ಗಂಟಲು ಸರಿಮಾಡಿಕೊಂಡು, ತನ್ನಲ್ಲೂ ರಾಣಿಯಿಲ್ಲದ ಪೆಟ್ಟಿಗೆ ಒಂದಿದೆ, ಸಿಸ್ಟರ್ ಒಮ್ಮೆ ಬಂದು ಕೈ ಹಾಕಿಕೊಟ್ಟರೆ ಚೆನ್ನ ಎಂದ. ಗುರುವಾರ ಬರುತ್ತೇನೆಂದಳು, ಅಲ್ಲಿ ಎತ್ತಿಹಿಡಿಯಲು ಜನ ಇದ್ದಾರೋ, ಇಲ್ಲಿಂದಲೇ ಕರೆತರಬೇಕೋ ಎಂದು ಮಾತ್ರ ಕೇಳಿಕೊಂಡಳು.