ಬೀಗ ಹಾಕಿದ ಮನೆಯ ಬೆಕ್ಕು

ಪಕ್ಕದ ಮನೆಯ ಹಿತ್ತಲಲ್ಲಿ ಇಲಿ ಸತ್ತು ಬಿದ್ದದ್ದು ಮುಂಜಾನೆ. ಮಧ್ಯಾಹ್ನದೊಳಗೆ ಹುಬ್ಬಳ್ಳಿಯ ನಮ್ಮ ಓಣಿ ಅರ್ಧ ಖಾಲಿಯಾಗಿತ್ತು. ಪ್ಲೇಗು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. "ಇಲಿ ಬಿತ್ತಂತ" ಅಂದರೆ ಸಾಕು, ಎಲ್ಲರಿಗೂ ತಿಳಿಯುತ್ತಿತ್ತು. ನನಗಾಗ ಇಪ್ಪತ್ತು ವರ್ಷ, ಮಗಳಿಗೆ ಐದು ತಿಂಗಳು. ಅತ್ತೆ, ಯಜಮಾನರು, ನಾನು ಪಾತ್ರೆ ಹಾಸಿಗೆಗಳನ್ನು ಚಕ್ಕಡಿಗೆ ಹೇರಿಕೊಂಡು ಉಣಕಲ್ ಕಡೆಯ ಹೊಲದಲ್ಲಿ ಹಾಕಿಸಿದ್ದ ತಟ್ಟಿಯ ಜೋಪಡಿಗೆ ಹೋದೆವು. ಬೆಕ್ಕನ್ನು ಬುಟ್ಟಿಯೊಳಗೆ ಹಾಕಿ, ಮೇಲೆ ಹಳೇ ಸೀರೆ ಬಿಗಿದು ನಾನೇ ಒಯ್ದೆ.

ಬೂದಿ ಬಣ್ಣದ ಹೆಣ್ಣು ಬೆಕ್ಕು. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ತವರು ನೆನೆದು ಅಳುತ್ತ ಕೂತಾಗ ತಾನಾಗಿ ಬಂದು ತೊಡೆ ಏರಿದ್ದು ಅದೊಂದೇ.

ಜೋಪಡಿಯಲ್ಲಿ ಅದು ಬೇರೆಯೇ ಆಯಿತು. ಕಾಳಿನ ಚೀಲಗಳ ಹಿಂದೆ ಹೊಕ್ಕು ಎರಡು ದಿನ ಹಾಲು ಮುಟ್ಟಲಿಲ್ಲ. ಕೈ ಚಾಚಿದರೆ ಗುರ್ ಅನ್ನುತ್ತಿತ್ತು. ಸಿಟ್ಟು ಎಂದುಕೊಂಡೆ. ಅದು ಹೆದರಿಕೆ ಎಂದು ತಿಳಿಯುವ ವಯಸ್ಸು ನನ್ನದಾಗಿರಲಿಲ್ಲ. ಕೊರಳಿಗೆ ಹಗ್ಗ ಕಟ್ಟಿದೆ. ಉರುಳಾಡಿ, ಉಸಿರು ಸಿಕ್ಕಿ ಕಣ್ಣು ಮೇಲೆ ಮಾಡಿತು. ಗಾಬರಿಯಾಗಿ ಬಿಚ್ಚಿದೆ. ಬಿಚ್ಚಿದ್ದೇ ತಡ, ಜೋಳದ ಹೊಲ ಹೊಕ್ಕು ಹೋಯಿತು.

ಮೂರು ದಿನಕ್ಕೆ ಬೀಗ ನೋಡಿಬರಲು ಹೋದ ಯಜಮಾನರು ಬಂದು ಹೇಳಿದರು, "ನಿನ್ನ ಬೆಕ್ಕು ಮನಿ ಕಟ್ಟಿ ಮ್ಯಾಲೆ ಕುಂತದ."

"ತರಲಿಲ್ಲೇನ್ರಿ?"

"ಹುಚ್ಚೇನು ನಿನಗ? ಸತ್ತ ಇಲಿ ತಿಂದಿರತದ ಅದು. ಅದರ ಮೈಮ್ಯಾಲಿನ ಚಿಗಟ ಬಂದ್ರ ಸಾಕು."

ಮರುದಿನ ಅವರು ಕಚೇರಿಗೆ ಹೋದ ಮೇಲೆ, ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ, ತರಕಾರಿ ತರುವ ನೆವ ಹೇಳಿ ಊರೊಳಗೆ ನಡೆದೆ. ಓಣಿಯಲ್ಲಿ ನನ್ನ ಹೆಜ್ಜೆ ಸಪ್ಪಳವೊಂದೇ. ನನ್ನ ದನಿ ಕೇಳಿ ಅದು ಬಾಲ ಎತ್ತಿ ಓಡಿ ಬಂತು, ಕಾಲಿಗೆ ಮೈ ತಿಕ್ಕಿತು. ಸೆರಗಿನಲ್ಲಿ ಸುತ್ತಿ ಎತ್ತಿಕೊಂಡೆ. ಓಣಿಯ ತಿರುವು ದಾಟುವತನಕ ಸುಮ್ಮನಿತ್ತು. ದಾಟಿದ ಕೂಡಲೇ ಮುಂಗೈ ಪರಚಿ ಹಾರಿ, ಮತ್ತೆ ಕಟ್ಟೆಯ ಮೇಲೆ ಹೋಗಿ ಕೂತು ನನ್ನನ್ನೇ ನೋಡಿತು. ಬಾಗಿಲು ತೆಗೆ ಎನ್ನುವ ಹಾಗೆ.

ಕೈ ನೋಡಿ ಅತ್ತೆಗೆ ಎಲ್ಲ ತಿಳಿಯಿತು. ಬೈಯಲಿಲ್ಲ. ನೀರು ಕಾಸಿ ಕೊಟ್ಟರು.

"ಸೀರಿ ಅಲ್ಲೇ ಹೊರಗ ಬಿಚ್ಚಿ ಕುದಿಯೋ ನೀರಾಗ ಹಾಕು. ಬೆಕ್ಕು ಮನಿ ಹಿಡಿದಿರತದ ತಂಗಿ, ಮಂದೀನ್ನ ಅಲ್ಲ. ನೀ ಎಷ್ಟು ಎಳದ್ರೂ ಬರಂಗಿಲ್ಲ ಅದು."

"ಹಸದಿರತದಲ್ಲ ಅತ್ಯಾರ..."

"ಇಲ್ಲೆ ಕೂಸದ ನೋಡು," ಎಂದರು. ಅಷ್ಟೇ.

ಆ ವಾರವೇ ಕೂಸಿಗೆ ಜ್ವರ ಬಂತು. ಕಂಕುಳು, ತೊಡೆಯ ಸಂದು ಮುಟ್ಟಿ ಮುಟ್ಟಿ ಪ್ಲೇಗಿನ ಗಡ್ಡೆ ಹುಡುಕಿದೆ. ನಾನೇ ತಂದುಹಾಕಿದೆನೆಂದು ಯಾರೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತೇನೋ. ನಾಲ್ಕನೆಯ ದಿನ ಜ್ವರ ಬಿಟ್ಟಿತು. ಬರೀ ನೆಗಡಿಯ ಜ್ವರ. ಆದರೆ ಆಮೇಲೆ ನಾನು ಓಣಿಯ ಕಡೆ ಹೋಗಲಿಲ್ಲ. ಊಟಕ್ಕೆ ಕೂತಾಗ ಬೆಕ್ಕಿನ ನೆನಪಾಗುತ್ತಿತ್ತು. ತುತ್ತು ನುಂಗುತ್ತಿದ್ದೆ.

ಎರಡೂವರೆ ತಿಂಗಳ ಮೇಲೆ ಮನೆಗೆ ಮರಳಿದೆವು. ಒಳಗೆ ಬಿಸಿಲು ಬಿದ್ದು ಸೋಂಕು ಹೋಗಲೆಂದು ಮುನಿಸಿಪಾಲಿಟಿಯವರು ಹಂಚು ತೆಗೆದಿದ್ದರು, ಗೋಡೆಗೆ ಸುಣ್ಣ ಬಳಿದಿದ್ದರು. ಒಲೆ ಹೊತ್ತಿಸಿ ಅರ್ಧ ತಾಸೂ ಆಗಿರಲಿಲ್ಲ, ಹಿತ್ತಲ ಬಾಗಿಲಿನಿಂದ ಅದು ಒಳಗೆ ಬಂತು. ಎಲುಬು ಕಾಣುತ್ತಿತ್ತು, ಒಂದು ಕಿವಿ ಹರಿದಿತ್ತು. ನಾವು ನಿನ್ನೆಯಷ್ಟೇ ಹೋಗಿದ್ದೆವೇನೋ ಎಂಬಂತೆ ನೇರ ನನ್ನ ಹತ್ತಿರ ಬಂದು ಮೈ ತಿಕ್ಕಿತು.

ನಾನು ಥಟ್ಟನೆ ಕಾಲು ಹಿಂದೆ ತೆಗೆದುಕೊಂಡೆ.

ಬೇಕೆಂದು ಮಾಡಿದ್ದಲ್ಲ. ದೂರದಿಂದಲೇ ಹಾಲು ಇಟ್ಟೆ, ಕುಡಿಯಿತು. ಮುಂದೆ ನಾಲ್ಕು ವರ್ಷ ಅದು ನಮ್ಮ ಮನೆಯಲ್ಲೇ ಇತ್ತು. ಅತ್ತೆ ಕೂಡ ಕೊನೆಕೊನೆಗೆ ಅದರ ತಲೆ ಸವರುತ್ತಿದ್ದರು. ನಾನು ಎಷ್ಟೋ ಸಲ ಕೈ ಚಾಚಿದ್ದುಂಟು. ಹತ್ತಿರ ಹೋದ ಕೈ ಅಲ್ಲೇ ನಿಂತುಬಿಡುತ್ತಿತ್ತು.