ಸಿಪ್ಪೆ ಕೇಳಿಕೊಂಡು ಬರುವ ಸರ್

ಕಡಕ್ ರೊಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಮುರಿಯುವವರನ್ನು ನಾನು ಕಂಡಿದ್ದು ಒಬ್ಬರನ್ನೇ. ಎದುರುಮನೆಯ ಈರಣ್ಣ ಸರ್. ಘಟಪ್ರಭಾದ ಆ ಓಣಿಗೆ ನಾವು ಬಾಡಿಗೆಗೆ ಬಂದ ಹೊಸತರಲ್ಲಿ, ಪರಿಚಯವಾಗಲೆಂದು ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಒಯ್ದು ಕೊಟ್ಟಿದ್ದೆ. ಅವರು ಕಣ್ಣು ಮುಚ್ಚಿ ರೊಟ್ಟಿ ಮುರಿಯುವ ಸದ್ದು ಕೇಳಿದರು.

"ರೊಟ್ಟಿ ಚಲೋ ಅದಾವ್ರಿ ಅಕ್ಕಾರ. ಆದ್ರ ಡಬ್ಬಿ ಮುಚ್ಚಳ ಸಡಲ ಐತಿ, ಗಾಳಿ ಹೊಕ್ಕೈತಿ."

ನಾನು ಮೂಡಲಗಿಯ ಶಾಲೆಯಲ್ಲಿ ಟೀಚರ್. ನಮ್ಮ ಕಡೆ ಟೀಚರನ್ನು ಅಕ್ಕಾರ ಎನ್ನುವುದು ರೂಢಿ. ಮನೆಗೆ ಬಂದು ನೋಡಿದರೆ ಮುಚ್ಚಳ ಸಡಿಲವೇ ಇತ್ತು. ಮೆಚ್ಚುಗೆಗಿಂತ ಸಿಟ್ಟೇ ಹೆಚ್ಚು ಬಂತು. ಕೊಟ್ಟದ್ದನ್ನು ತಿನ್ನುವುದು ಬಿಟ್ಟು ಪರೀಕ್ಷೆ ಮಾಡುವವರಿಗೆ ಇನ್ನೊಮ್ಮೆ ಯಾರು ಕೊಡುತ್ತಾರೆ?

ಪರೀಕ್ಷೆಯೇ ಅವರ ನೌಕರಿಯಾಗಿತ್ತು ಎಂಬುದು ಆಮೇಲೆ ತಿಳಿಯಿತು. ಕೃಷಿ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ತಿನ್ನುವ ಪದಾರ್ಥಗಳ ಗುಣ ಅಳೆಯುತ್ತಲೇ ನಿವೃತ್ತರಾದವರು. ರೊಟ್ಟಿ ಮುರಿಯಲು ಎಷ್ಟು ಬಲ ಬೇಕು, ಮಳೆಗಾಲದಲ್ಲಿ ಬೆಲ್ಲ ಎಷ್ಟು ತೇವ ಕುಡಿಯುತ್ತದೆ, ಇಂಥವು. ಗೋಕಾಕದ ಕರದಂಟು ಕೊಟ್ಟರೂ ಮೊದಲು ಹೆಬ್ಬೆರಳಿನಿಂದ ಒತ್ತಿ, ಪಾಕ ಏರಿದೆಯೋ ಇಳಿದಿದೆಯೋ ಹೇಳಿಯೇ ಬಾಯಿಗೆ ಹಾಕುವರು.

ಅವರ ಇನ್ನೊಂದು ಹುಚ್ಚು ಹಿತ್ತಿಲಲ್ಲಿತ್ತು. ನೀರು ತುಂಬಿಡುವಂಥ ದೊಡ್ಡದೊಂದು ಕರಿ ಟಾಕಿ, ಅದರೊಳಗೆ ಬೋರಲು ಹಾಕಿದ ಇನ್ನೊಂದು ಟಾಕಿ. ಅಡಿಗೆಮನೆಯ ಕಸ ಅದರಲ್ಲಿ ಕೊಳೆತು ಗ್ಯಾಸಾಗಿ, ಪೈಪಿನಲ್ಲಿ ಒಲೆಗೆ ಬರುತ್ತಿತ್ತು. ಗಂಡ ಹೆಂಡತಿ ಸೇರಿಯೇ ಅದನ್ನು ಕೂರಿಸಿದ್ದರಂತೆ. ಮೊದಲ ದಿನ ಒಲೆ ಹಚ್ಚಿದವರು ಆಕೆ. ನಾವು ಬರುವ ಹೊತ್ತಿಗೆ ಆಕೆ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಒಬ್ಬ ಮನುಷ್ಯ ಉಂಡು ಬಿಟ್ಟ ಕಸ ಟಾಕಿಯ ಯಾವ ಮೂಲೆಗೆ ಸಾಲಬೇಕು? ಆಕೆ ಹಚ್ಚಿದ ಒಲೆ ಆರಬಾರದು, ಅದೊಂದೇ ಅವರ ಚಿಂತೆ.

ಅದಕ್ಕೇ ಬೆಳಿಗ್ಗೆ ಬಕೆಟ್ ಹಿಡಿದು ಓಣಿ ಸುತ್ತುವರು. "ಅಕ್ಕಾರ, ಸಿಪ್ಪಿ ಐತೇನ್ರಿ?" ಸಿಪ್ಪೆ ಸುರಿದುಕೊಂಡ ಮೇಲೂ ಹೋಗುತ್ತಿರಲಿಲ್ಲ. ಬಾಳೆಸಿಪ್ಪೆಯ ಗುಣವೇನು, ಉಳ್ಳಾಗಡ್ಡಿ ಸಿಪ್ಪೆಯ ತಕರಾರೇನು ಎಂದು ಶುರು ಮಾಡುವರು. "ಬಸ್ಸಿಗೆ ಹೊತ್ತಾತ್ರಿ ಸರ್" ಎಂದು ನಾನು ಓಡುತ್ತಿದ್ದೆ. "ಸಂಜಿಗಿ ಬರ್ರಿ, ನಿಮ್ಮ ಮನಿ ಹೀರೀಕಾಯಿ ಸಿಪ್ಪೀದ ಚಾ ಕುಡೀಯಾಕ" ಎಂದು ಹಿಂದಿನಿಂದ ಕೂಗುವರು. ಸಿಪ್ಪೆ ಕೊಟ್ಟವರಿಗೆಲ್ಲ ಈ ಕರೆ ಇತ್ತು. ಹೋಗುವವರು ಕಡಿಮೆ.

ಓಣಿಯ ಸಿಪ್ಪೆ ಸಾಲದಾದಾಗ ಹುಕ್ಕೇರಿ ಸಂತೆಗೆ ಹೋಗಿ, ಮಾರುವವರು ಬಿಸಾಡಿದ ಕೋಸಿನ ಎಲೆ ಚೀಲ ತುಂಬಿ ತರುತ್ತಿದ್ದರು. ಒಮ್ಮೆ ನಾನೂ ಅದೇ ಬಸ್ಸಿನಲ್ಲಿದ್ದೆ. ಕಂಡಕ್ಟರ್ ಮೂಗು ಮುಚ್ಚಿಕೊಂಡು, "ಎಮ್ಮಿ ಎಷ್ಟ ಕಟ್ಟೀರಿ ಕಾಕಾ?" ಎಂದ.

"ಒಂದ ಐತಪಾ. ಹಾಲ ಕೊಡೂದಿಲ್ಲ, ಬೆಂಕಿ ಕೊಡತೈತಿ."

ಬಸ್ಸೆಲ್ಲ ನಕ್ಕಿತು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಮತ್ತೆ ನೋಡಿದ್ದು ಓಣಿಯಲ್ಲಿ ನಡೆದ ಒಂದು ಮದುವೆಯ ಸಂಜೆ. ಉಳಿದ ಅನ್ನ, ಬುಂದಿ, ಪಲ್ಯ ಹೊತ್ತುಕೊಂಡು ಮದುವೆಮನೆಯ ಮಂದಿ ಗದ್ದಲ ಮಾಡುತ್ತ ಅವರ ಹಿತ್ತಿಲಿಗೆ ನುಗ್ಗಿದರು. ಸರ್ ಎಲ್ಲರಿಗೂ ಚಹಾ ಕಾಸಿ ಕೊಡುತ್ತ, ತಂದದ್ದನ್ನೆಲ್ಲ ಟಾಕಿಗೆ ಸುರಿಸಿಕೊಂಡರು. ನಾಲ್ಕು ದಿನಕ್ಕೆ ಒಲೆ ಆರಿತು. ಹೋಗಿ ನೋಡಿದರೆ ಟಾಕಿಯ ಪಕ್ಕ ರೋಗಿಯ ಹತ್ತಿರ ಕೂತವರ ಹಾಗೆ ಕೂತಿದ್ದರು.

"ಹೊಟ್ಟಿ ಹುಳಿ ಆಗೇತ್ರಿ ಅದರದು. ಹೆಚ್ಚ ಉಣಿಸಿಬಿಟ್ಟೇನಿ."

"ನಿಮಗ ಗೊತ್ತಿತ್ತಲ್ಲ ಸರ್. ಸಾಕು ಅನ್ನಬೇಕಿಲ್ಲ?"

ಅವರು ಟಾಕಿಯ ಮೈ ಸವರುತ್ತ ಹೇಳಿದರು: "ಅಷ್ಟ ಮಂದಿ ಒಮ್ಮೆಲೇ ಮನಿಗೆ ಬಂದಿದ್ರು. ಸಾಕು ಅಂದಿದ್ರ ಹೊಳ್ಳಿ ಹೋಗತಿದ್ರು ಅಕ್ಕಾರ."

ಅವರು ಸಿಪ್ಪೆಯನ್ನಷ್ಟೇ ಕೇಳಿಕೊಂಡು ಬರುತ್ತಿರಲಿಲ್ಲ. ಸಗಣಿ ನೀರು, ಸುಣ್ಣದ ತಿಳಿ ಹಾಕಿ, ಉಣಿಸುವುದು ನಿಲ್ಲಿಸಿ ಅಂತೂ ಟಾಕಿಯನ್ನು ಬದುಕಿಸಿದರು. ಒಲೆ ಮತ್ತೆ ಹತ್ತಿದ ದಿನ ನನ್ನನ್ನು ಕರೆದು ತೋರಿಸಿದರು.

ಈ ವರ್ಷ ಯುಗಾದಿ ಮುಗಿದ ಮೇಲೆ ಎದೆನೋವೆಂದು ಅವರನ್ನು ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋದೆ. ಮಾತು ಕಷ್ಟವಾಗಿತ್ತು. ಮನೆಯ ಕೀಲಿ ನನ್ನ ಕೈಗಿಟ್ಟು, "ದಿನಾ ಒಂದ ಬಕೀಟ ಹಾಕ್ರಿ. ಒಂದ. ಪ್ರೀತಿ ಮಾಡಿ ಹೆಚ್ಚ ಹಾಕಬ್ಯಾಡ್ರಿ" ಎಂದರು. ನಾನು ಹಾಗೇ ಹಾಕಿದೆ. ಅವರು ತಿರುಗಿ ಬರಲಿಲ್ಲ.

ಮಣ್ಣಾದ ಮೂರನೆಯ ದಿನ ಆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಕೇಶ್ವರದಿಂದ ನೆಂಟರು, ಗೋಕಾಕದಿಂದ ಹಳೆಯ ವಿದ್ಯಾರ್ಥಿಗಳು, ಸಿಪ್ಪೆ ಕೊಟ್ಟೂ ಎಂದೂ ಒಳಗೆ ಬಾರದ ಓಣಿಯವರು. ಎಲ್ಲರಿಗೂ ಆ ಒಲೆಯ ಮೇಲೇ ಚಹಾ ಕಾಸಿದೆ. ಉರಿ ನೀಲಿಯಾಗಿ, ಸದ್ದಿಲ್ಲದೆ ಉರಿಯುತ್ತಿತ್ತು. ಊಟವಾದ ಮೇಲೆ ಹಿತ್ತಿಲಲ್ಲಿ ತುಂಬಿದ ಬಕೆಟ್‌ಗಳ ಸಾಲೇ ಆಯಿತು. ಅವರ ತಂಗಿಯ ಮಗಳು ಕೇಳಿದಳು: "ಅಕ್ಕಾರ, ಇದನ್ನೆಲ್ಲಾ ಟಾಕಿಗೆ ಹಾಕೂದೇನ್ರಿ?"

"ಒಂದ ಸಾಕವಾ" ಎಂದೆ.

ಸಂಜೆಯ ಬಸ್ಸುಗಳಿಗೆ ಎಲ್ಲರೂ ಹೋದರು. ಮರುದಿನ ಬೆಳಿಗ್ಗೆ ಸಿಪ್ಪೆ ತೆಗೆದಿಟ್ಟು ಬಾಗಿಲಲ್ಲಿ ನಿಂತೆ. ಯಾರೂ ಕೇಳಿಕೊಂಡು ಬರಲಿಲ್ಲ. ನಿಂತೇ ಇದ್ದೆ. ಮೂಡಲಗಿ ಬಸ್ಸು ಹೋಗಿಬಿಟ್ಟಿತು.